ಎಂಬತ್ತನಾಲ್ಕು ಕಡಿಮೆಯೇನಲ್ಲ

ಫಲಿತಾಂಶ ಬಂದ ದಿನ ಪ್ರತಿ ಮನೆಯಲ್ಲೂ ಒಬ್ಬ ನ್ಯಾಯಾಧೀಶ ಹುಟ್ಟಿಕೊಳ್ಳುತ್ತಾನೆ. ದರ್ಜಿಯ ಮನೆಯಲ್ಲಿ ಆ ಪೀಠ ಏರಿದವನು ದರ್ಜಿಯೇ. ಮಗಳು ಕಾಲೇಜು ಸೇರಲು ಎರಡು ಪ್ರವೇಶ ಪರೀಕ್ಷೆ ಬರೆದಿದ್ದಳು. ಒಂದರಲ್ಲಿ ನೂರಹದಿನೆಂಟು, ಇನ್ನೊಂದರಲ್ಲಿ ಎಂಬತ್ತನಾಲ್ಕು.

"ನೂರು ದಾಟಿದ್ದು ಸಾಕು. ಇನ್ನೊಂದರ ಕಡೆ ತಲೆ ಹಾಕಿಯೂ ಮಲಗಬೇಡ" ಎಂದು ತೀರ್ಪು ಕೊಟ್ಟ.

ನೂರಹದಿನೆಂಟಕ್ಕೆ ಎಲ್ಲೂ ಸೀಟು ಸಿಗಲಿಲ್ಲ; ಎಂಬತ್ತನಾಲ್ಕಕ್ಕೆ ಅರ್ಜಿಯನ್ನೇ ಹಾಕಲಿಲ್ಲ. ಹುಡುಗಿ ಅಪ್ಪನ ಜೊತೆ ಮಾತು ಬಿಟ್ಟಳು. ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ, ಅಪ್ಪನ ಅಂಗಡಿಯಲ್ಲಿ ಕೂತು ಗುಂಡಿ ಹೊಲಿಯತೊಡಗಿದಳು.

ಒಂದು ಮಧ್ಯಾಹ್ನ ಅವಳ ಲೆಕ್ಕದ ಟೀಚರು ಹೊಲಿಯಲು ಕೊಟ್ಟಿದ್ದ ಕೋಟು ಒಯ್ಯಲು ಬಂದರು.

"ನೀನೇನಮ್ಮ ಇಲ್ಲಿ? ಕಾಲೇಜು ಸೇರಲಿಲ್ವಾ?"

"ನೂರಹದಿನೆಂಟಕ್ಕೇ ಸಿಗಲಿಲ್ಲ, ಇನ್ನು ಎಂಬತ್ತನಾಲ್ಕಕ್ಕೆ ಯಾರು ಸೀಟು ಕೊಡ್ತಾರೆ ಟೀಚರ್?" ಎಂದ ದರ್ಜಿ.

ಟೀಚರು ಹುಡುಗಿಯ ಮೊಬೈಲಿನಲ್ಲಿ ಎರಡೂ ಅಂಕಪಟ್ಟಿ ತೆಗೆಸಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

"ಅಣ್ಣಾ, ಒಂದು ಬಟ್ಟೆ ಇಂಚಲ್ಲಿ, ಇನ್ನೊಂದು ಸೆಂಟಿಮೀಟರಲ್ಲಿ ಅಳೆದು ಯಾವುದು ಉದ್ದ ಅಂತೀರಾ? ಮೊದಲನೇದು ಸುಲಭದ ಪರೀಕ್ಷೆ. ಬರೆದ ನೂರು ಜನರಲ್ಲಿ ಅರವತ್ತು ಜನ ಇವಳಿಗಿಂತ ಮುಂದಿದ್ದಾರೆ. ಎರಡನೇದು ಕಷ್ಟದ್ದು. ಅದರಲ್ಲಿ ನೂರಕ್ಕೆ ಎಂಬತ್ತೆಂಟು ಜನ ಇವಳ ಹಿಂದಿದ್ದಾರೆ. ಇಲ್ಲೇ ಇದೆಯಲ್ಲ, ಪರ್ಸೆಂಟೈಲ್ ಅಂತ. ಇದಕ್ಕೆ ಒಳ್ಳೇ ಸೀಟೇ ಸಿಗ್ತಿತ್ತು."

"ಸಿಗ್ತಿತ್ತು ಅಂದ್ರೆ?" ಎಂದ ದರ್ಜಿ.

"ಅರ್ಜಿ ಹಾಕೋ ಕೊನೇ ದಿನ ಮೊನ್ನೆಗೇ ಮುಗೀತು."

ದರ್ಜಿಯ ಕೈಯಲ್ಲಿ ಕತ್ತರಿ ಹಾಗೇ ನಿಂತಿತು. ಮಗಳ ಮುಖ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

ಟೀಚರು ಹುಡುಗಿಯ ಕಡೆ ತಿರುಗಿದರು. "ಇಷ್ಟೊಂದು ತಪ್ಪು ಉತ್ತರ ಯಾಕಮ್ಮ? ಈ ಎರಡನೇ ಪರೀಕ್ಷೇಲಿ ತಪ್ಪಿಗೆ ಅಂಕ ಕಳೀತಾರೆ, ಗೊತ್ತಿರಲಿಲ್ವಾ?"

"ಗೊತ್ತಿತ್ತು ಟೀಚರ್. ಒಂದನ್ನೂ ಖಾಲಿ ಬಿಡಬೇಡ ಅಂತ ಅಪ್ಪ ಅಂದಿದ್ರು."

ಅಂದಿದ್ದು ನಿಜ. ಅಂಗೈಯಗಲದ ತುಂಡನ್ನೂ ಬಿಸಾಡದೆ ಜೇಬಿಗೆ ಹೊಂದಿಸುವವನು ಖಾಲಿ ಜಾಗ ಕಂಡರೆ ಸುಮ್ಮನಿರುತ್ತಾನೆಯೇ? ಪರೀಕ್ಷೆಯ ಬೆಳಿಗ್ಗೆ ಬಾಗಿಲವರೆಗೂ ಬಂದು ಅದನ್ನೇ ಹೇಳಿ ಕಳಿಸಿದ್ದ.

"ಬರೋ ವರ್ಷ ಮತ್ತೆ ಬರೀಬಹುದು" ಎಂದರು ಟೀಚರು. "ಹಳೇ ಪ್ರಶ್ನೆಪತ್ರಿಕೆಗಳನ್ನ ಗಡಿಯಾರ ಇಟ್ಕೊಂಡು ಬಿಡಿಸು. ಎಲ್ಲಿ ತಪ್ತೀಯೋ ಅದನ್ನೇ ಮೊದಲು ಓದು. ಸುತರಾಂ ಗೊತ್ತಿಲ್ಲದ್ದನ್ನ ಬಿಟ್ಟು ಮುಂದೆ ಹೋಗು. ಅಷ್ಟಕ್ಕೇ ನಿನ್ನ ಅಂಕ ಏರುತ್ತೆ."

ಅವರು ಹೋದ ಮೇಲೆ ದರ್ಜಿ ತಾನೇ ಅಟ್ಟ ಹತ್ತಿ ಪುಸ್ತಕಗಳನ್ನು ಇಳಿಸಿದ. "ತಪ್ಪಾಯ್ತಮ್ಮ" ಎಂದ. ಹೆತ್ತವರ ಬಾಯಲ್ಲಿ ಸುಲಭಕ್ಕೆ ಬರುವ ಮಾತಲ್ಲ ಅದು.

ಮಗಳು ಎಷ್ಟೋ ದಿನದ ಮೇಲೆ ಅಪ್ಪನಿಗೆ ಬಾಯಿಬಿಟ್ಟು ಹೇಳಿದಳು: "ನನಗೆ ಗೊತ್ತಿಲ್ಲದ್ದನ್ನ ನಾನು ಬಿಡ್ತೀನಪ್ಪ. ನಿಮಗೆ ಗೊತ್ತಿಲ್ಲದ್ದನ್ನ ನೀವು ಕೇಳಿ."

ಅಪ್ಪಂದಿರೇ, ಅಮ್ಮಂದಿರೇ, ಬೇರೆ ಬೇರೆ ಪರೀಕ್ಷೆಯ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬರೆದವರ ನಡುವೆ ನಿಮ್ಮ ಮಗು ಎಲ್ಲಿ ನಿಂತಿದೆ, ತಪ್ಪಿಗೆ ಅಂಕ ಕಳೆಯುತ್ತಾರೆಯೇ, ಅರ್ಜಿಗೆ ಕೊನೆಯ ದಿನ ಯಾವುದು ಎಂದು ತಿಳಿದವರನ್ನು ಕೇಳಿ. ತೀರ್ಪು ಕೊಡುವ ಮೊದಲು ಕೇಳಿ. ಆ ಹುಡುಗಿಯ ಒಂದು ವರ್ಷ ಹೋಯಿತು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ.