ಒಂಟಿರೆಕ್ಕೆಯ ಗುಟ್ಟು

ಅಕ್ಕನ ಕೆಲಸ ತಪ್ಪು ಹುಡುಕುವುದು. ಅದಕ್ಕೆ ಸಂಬಳ ಕೊಡುತ್ತಾರೆ ಎಂದರೆ ನೆಂಟರು ನಗುತ್ತಾರೆ. ಎಷ್ಟೋ ಅತ್ತೆಯಂದಿರು ಜೀವಮಾನವಿಡೀ ಬಿಟ್ಟಿಯಾಗಿ ಮಾಡಿಕೊಂಡು ಬಂದ ಕೆಲಸವಲ್ಲವೇ ಅದು! ಆದರೆ ಅವಳು ಹುಡುಕುವುದು ವಿಡಿಯೋ ಗೇಮಿನೊಳಗಿನ ತಪ್ಪು. ಟಿವಿಯಲ್ಲಿ ವರ್ಷಗಟ್ಟಲೆ ಓಡಿದ ಒಂದು ಅನಿಮೆ, ಅಂದರೆ ಜಪಾನೀ ಕಾರ್ಟೂನ್ ಸರಣಿಯ ಪಾತ್ರಗಳನ್ನೆಲ್ಲ ಹಿಡಿದು ತಂದು, ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಹೊಡೆದಾಟಕ್ಕೆ ಬಿಟ್ಟ ಗೇಮು. ಯಾರ ಕಾಲು ನೆಲದೊಳಗೆ ಹೂತುಹೋಗುತ್ತದೆ, ಯಾರ ಗುದ್ದು ತಾಗದಿದ್ದರೂ ತಾಗಿತೆಂದು ಬೊಬ್ಬೆ ಕೇಳಿಸುತ್ತದೆ ಎಂದು ಅವಳು ದಿನವಿಡೀ ಟಿವಿಗೆ ಜೋಡಿಸಿದ ಕನ್ಸೋಲಿನ ಮುಂದೆ ಕೂತು ನೋಡಬೇಕು. ಗೇಮು ಅಂಗಡಿಗೆ ಬಂದು ವರ್ಷವಾದರೂ ತಪ್ಪುಗಳು ಮುಗಿದಿರಲಿಲ್ಲ.

ಆ ಆಫೀಸಿನಲ್ಲಿ ಒಂದು ಪದ್ಧತಿ. ಬೆಳಿಗ್ಗೆ ಎಲ್ಲರೂ ಮುಖ್ಯಸ್ಥರ ಮೇಜಿನ ಸುತ್ತ ನಿಂತು, ಸಿಕ್ಕಿದ ತಪ್ಪನ್ನು ಒಬ್ಬೊಬ್ಬರಾಗಿ ಹೇಳಬೇಕು. ಮುಖ್ಯಸ್ಥರಿಗೆ ಎಲ್ಲರೂ ಬೆನ್ನ ಹಿಂದೆ ಮೇಷ್ಟ್ರು ಎನ್ನುತ್ತಿದ್ದರು. ಏನೂ ಸಿಗದವರನ್ನು ಅವರು ಬೈಯುತ್ತಿರಲಿಲ್ಲ, ಸುಮ್ಮನೆ ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಿದ್ದರು. ಬೈದಿದ್ದರೇ ವಾಸಿ.

ಇನ್ನು ತಮ್ಮ. ಮನೆಯಲ್ಲಿ ಅವನಿಗೆ ಗೂಬೆ ಎಂದೇ ಹೆಸರು. ಮೀಸೆ ಬಲಿತರೂ ಹೆಸರು ಬಲಿಯಲಿಲ್ಲ. ಅಕ್ಕ ಹೊಟ್ಟೆಪಾಡಿಗೆ ಆಡುವ ಗೇಮನ್ನೇ ಅವನು ಪ್ರಾಣ ಕೊಟ್ಟು ಆಡುತ್ತಿದ್ದ, ಪಂದ್ಯಗಳಿಗೆ ಹೋಗುತ್ತಿದ್ದ, ಪ್ರತಿಸಲವೂ ಗೆಲುವಿನ ಹೊಸ್ತಿಲಲ್ಲಿ ಎಡವಿ ಬರುತ್ತಿದ್ದ. ಅದಕ್ಕೆ ಕಾರಣವೂ ಇತ್ತು. ಅವನು ಆರಿಸುತ್ತಿದ್ದುದು ಒಂಟಿರೆಕ್ಕೆಯ ಹುಡುಗಿಯನ್ನು. ಸರಣಿಯಲ್ಲಿ ನಡುವೆಯೇ ಸತ್ತುಹೋಗುವ ಪಾತ್ರ ಅದು, ಗೇಮಿನಲ್ಲೂ ಎಲ್ಲರಿಗಿಂತ ದುರ್ಬಲ. ಅವಳು ಸತ್ತ ಕಂತು ಬಂದ ದಿನ ಪುಟ್ಟ ಗೂಬೆ ಊಟ ಬಿಟ್ಟು ಅತ್ತಿದ್ದ. ಗೇಮು ಬಂದಾಗಿನಿಂದ ಬೇರೆಯವರನ್ನು ಅವನು ಮುಟ್ಟಿಲ್ಲ.

ಈ ಸಲದ ಪಂದ್ಯಕ್ಕೆ ಅಮ್ಮ ಗೆರೆ ಎಳೆದಿದ್ದಳು. ಗೆದ್ದರೆ ದೊಡ್ಡ ಪಂದ್ಯಕ್ಕೆ ಹೋಗಲಿ, ಯಾರೂ ಬೇಡ ಅನ್ನುವುದಿಲ್ಲ. ಸೋತರೆ ಸೋಮವಾರದಿಂದ ಸೋದರಮಾವನ ಟೈಲ್ಸ್ ಅಂಗಡಿ. ಮಾವನಂತೂ ಅಂಗಡಿಯ ಹೆಸರು ಹಾಕಿಸಿದ ಅಂಗಿಯನ್ನು ಅವನ ಅಳತೆಗೆ ಆಗಲೇ ಹೊಲಿಸಿ ಇಟ್ಟಿದ್ದ.

ಒಂದು ಭಾನುವಾರ ಮಧ್ಯಾಹ್ನ ಗೂಬೆ ಅಕ್ಕನ ಕೈಹಿಡಿದು ಎಳೆದುಕೊಂಡು ಹೋಗಿ ಟಿವಿಯ ಮುಂದೆ ಕೂರಿಸಿದ. ಕೋಣೆಯ ಬಾಗಿಲು ಹಾಕಿದ.

"ಒಂದು ತೋರಿಸ್ತೀನಿ. ಯಾರಿಗೂ ಹೇಳಬಾರದು."

"ನಾನ್ಯಾರಿಗೆ ಹೇಳ್ಲಿ?"

ಪರದೆಯಲ್ಲಿ ಒಂಟಿರೆಕ್ಕೆಯವಳು ಮೂಲೆಗೆ ಸಿಕ್ಕಿ, ಏಟು ತಿಂದು ಬೀಳುತ್ತಿದ್ದಳು. ನೆಲ ಮುಟ್ಟುವ ಮೊದಲು ಗೂಬೆಯ ಬೆರಳುಗಳು ಏನೋ ಮಾಡಿದವು. ರೆಕ್ಕೆ ಪಟ್ಟನೆ ಬಿಚ್ಚಿಕೊಂಡಿತು. ಎದುರಾಳಿಯ ಗುದ್ದು ಅವಳ ಮೈಯನ್ನು ಹಾದು ಗಾಳಿಗೆ ಹೋಯಿತು. ಅವಳು ಅಲ್ಲಿಂದಲೇ ತಿರುಗಿ ಒದ್ದಳು, ಆಟ ಮುಗಿಯಿತು.

"ಇನ್ನೊಂದ್ಸಲ ಮಾಡು," ಎಂದಳು ಅಕ್ಕ. ಅವನು ಮಾಡಿದ. ಬೆರಳು ಯಾವುದರ ಮೇಲೆ ಯಾವುದು ಎಂದು ಬಿಡಿಸಿಯೂ ತೋರಿಸಿದ. "ಫೈನಲ್‌ಗೆ ಅಂತ ಇಟ್ಟಿದೀನಿ. ಅಲ್ಲೀವರೆಗೂ ಯಾರ ಮುಂದೇನೂ ಮಾಡಲ್ಲ," ಎಂದ. ಅವನ ಮುಖದಲ್ಲಿ ಅಷ್ಟು ಬೆಳಕನ್ನು ಅವಳು ಎಷ್ಟೋ ದಿನದಿಂದ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಮೇಜಿನ ಸುತ್ತ ನಿಂತಾಗ ಅವಳ ಬಳಿ ಏನೂ ಇರಲಿಲ್ಲ. ಹಿಂದಿನ ವಾರವೂ ಇರಲಿಲ್ಲ. ಪಕ್ಕದವಳು ಹೇಳಿ ಮುಗಿಸಿದಳು, ಮೇಷ್ಟ್ರ ಕನ್ನಡಕ ಇವಳ ಕಡೆ ತಿರುಗಿತು. ಬಾಯಿ ತಾನಾಗಿ ತೆರೆದುಕೊಂಡಿತು.

"ಒಂಟಿರೆಕ್ಕೆಯವಳದು ಒಂದಿದೆ ಸಾರ್. ಮೂಲೆಯಲ್ಲಿ ಬೀಳುವಾಗ."

ಬೆರಳುಗಳ ವಿವರದ ಸಮೇತ ಹೇಳಿದಳು. ಮೇಷ್ಟ್ರು ತಾವೇ ಕಂಟ್ರೋಲರ್ ಹಿಡಿದು ಮಾಡಿ ನೋಡಿ, "ಭೇಷ್, ಇದಪ್ಪ ಕಣ್ಣು ಅಂದ್ರೆ," ಎಂದರು. ನಾಲ್ಕು ಜನ ತಿರುಗಿ ನೋಡಿದರು. ಅವಳಿಗೆ ಹೊಟ್ಟೆಯೊಳಗೆ ಬೆಚ್ಚಗಾಯಿತು. ತಾನು ಏನು ಮಾಡಿದೆ ಎಂದು ಹೊಳೆದದ್ದು ತನ್ನ ಕುರ್ಚಿಯಲ್ಲಿ ಬಂದು ಕೂತ ಮೇಲೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸಿಕ್ಕ ತಪ್ಪುಗಳನ್ನು ಅಳಿಸಿ ಆಡುವವರ ಕನ್ಸೋಲುಗಳಿಗೆ ಕಳಿಸುವ ತಿದ್ದುಪಡಿ ಯಾವಾಗಲೋ ಬರುತ್ತದೆ, ಅಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ ಎಂದು ಮೊದಲು ಸಮಾಧಾನ ಮಾಡಿಕೊಂಡಳು. ಆದರೆ ಬೇರೆಲ್ಲೋ ಗೇಮು ನಿಂತುಹೋಗುತ್ತಿದೆ ಎಂಬ ದೂರು ಬಂದು, ಎಲ್ಲ ತಿದ್ದುಪಡಿಗಳನ್ನೂ ಒಟ್ಟಿಗೆ ಕಟ್ಟಿ ಬೇಗ ಕಳಿಸುವುದೆಂದಾಯಿತು. ದಿನವೂ ಗೊತ್ತಾಯಿತು. ಪಂದ್ಯದ ದಿನವೇ, ಬೆಳಿಗ್ಗೆ.

ಆಫೀಸಿನ ವಿಷಯ ಹೊರಗೆ ಹೇಳುವಂತಿಲ್ಲ. ಹೋದ ವರ್ಷ ಜೊತೆಗೆ ಕೆಲಸ ಮಾಡುವವನೊಬ್ಬ ತನ್ನ ಗೆಳೆಯನ ಕಿವಿಯಲ್ಲಿ ಉಸುರಿದ್ದಕ್ಕೇ ಕೆಲಸ ಕಳೆದುಕೊಂಡಿದ್ದ. ಈಗ ಮನೆ ನಡೆಯುತ್ತಿದ್ದುದು ಅಕ್ಕನ ಸಂಬಳದಲ್ಲಿ. ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳು ತಮ್ಮನ ಕೋಣೆಯ ಬಾಗಿಲವರೆಗೆ ಹೋಗುವಳು, ನಿಲ್ಲುವಳು, ತಿರುಗಿ ಬರುವಳು. ತುಂಬಿದ ಲೋಟಕ್ಕೆ ಮತ್ತೆ ನೀರು ಸುರಿಯುವಳು. ಮಡಿಸಿದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಿಸುವಳು.

"ಯಾಕೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದೀಯ?" ಎಂದಳು ಅಮ್ಮ. "ಪಂದ್ಯ ಅವನದಾ, ನಿಂದಾ?"

ಕಡೆಗೆ ಅವಳು ಒಂದು ಉಪಾಯ ಹೂಡಿದಳು. ಆಫೀಸಿನಿಂದ ಬಂದವಳೇ ಎರಡನೆಯ ಕಂಟ್ರೋಲರ್ ಹಿಡಿದು ಗೂಬೆಯ ಪಕ್ಕ ಕೂತಳು.

"ಆ ರೆಕ್ಕೆಯದು ಬಿಟ್ಟು ಆಡು."

"ಯಾಕೆ?"

"ಸುಮ್ನೆ. ಒಂದನ್ನೇ ನಂಬ್ಕೊಂಡು ಯಾರಾದ್ರೂ ಹೋಗ್ತಾರಾ? ಮೂಲೆಗೆ ಸಿಕ್ಕಿದ್ರೆ ಬೇರೆ ದಾರಿ ಇರಬೇಕು."

ಅವನು ನಕ್ಕ. "ಬೇರೆ ದಾರಿ ಇಲ್ಲ ಅಂತಲೇ ತಾನೇ ಇವಳನ್ನ ಯಾರೂ ತಗೊಳ್ಳಲ್ಲ."

ಪ್ರತಿ ಸಂಜೆಯೂ ಅವಳು ಅವನನ್ನು ಮೂಲೆಗೆ ತಳ್ಳಿ ಬಡಿದಳು. ಅವನು ತಡೆದ, ಜಾರಿದ, ಸೋತ, ಬೇಸರಗೊಂಡ. ಪಂದ್ಯದ ಹಿಂದಿನ ಸಂಜೆಯಂತೂ ಕಂಟ್ರೋಲರನ್ನು ಹಾಸಿಗೆಯ ಮೇಲೆ ಎಸೆದ.

"ನಿಂಗೆ ನಾನು ಗೆಲ್ಲೋದು ಇಷ್ಟ ಇಲ್ವಾ ಅಕ್ಕಾ?"

ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಹೋಗಿ ಮಲಗು, ಬೆಳಿಗ್ಗೆ ಬೇಗ ಏಳಬೇಕು," ಎಂದಳು. ಅದನ್ನು ಹೇಳಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಪಂದ್ಯದ ಸಭಾಂಗಣದಲ್ಲಿ ಸಂಘಟಕರು ಬೆಳಿಗ್ಗೆಯೇ ಎಲ್ಲ ಕನ್ಸೋಲುಗಳಿಗೂ ಹೊಸ ತಿದ್ದುಪಡಿ ಇಳಿಸಿದ್ದರು. ಏನು ಬದಲಾಯಿತೆಂದು ಯಾರೋ ಕೇಳಿದರೆ, ಸಣ್ಣಪುಟ್ಟದ್ದು ಎಂದರು. ಗೂಬೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಭ್ಯಾಸದ ಆಟದಲ್ಲೂ ಗುಟ್ಟನ್ನು ಹೊರಗೆ ತೆಗೆಯಲಿಲ್ಲ. ಒಂದೊಂದೇ ಪಂದ್ಯ ದಾಟಿದ. ಪ್ರತಿ ಸಂಜೆ ಅಕ್ಕನ ಕೈಲಿ ಏಟು ತಿಂದದ್ದು ದಂಡವಾಗಿರಲಿಲ್ಲ, ಮೂಲೆಗೆ ಸಿಕ್ಕಿದಾಗಲೆಲ್ಲ ತಡೆದು, ಜಾರಿ, ಹೇಗೋ ಹೊರಗೆ ಬಂದ. ಗೋಡೆಯ ಬದಿಯ ಕುರ್ಚಿಯಲ್ಲಿ ಅಕ್ಕ ಕೂರುವಳು, ಏಳುವಳು. ಆ ರೆಕ್ಕೆಯದು ಬೇಕಾಗದೇ ಹೋಗಲಿ, ಅದು ಬೇಕಾಗದೇ ಹೋಗಲಿ ಎಂದು ಅವಳ ತುಟಿ ಅಲ್ಲಾಡುತ್ತಿತ್ತು.

ಫೈನಲ್ ಸಮಸಮವಾಗಿ ಬಂದು ಕೊನೆಯ ಸುತ್ತಿಗೆ ನಿಂತಿತು. ಎದುರಾಳಿಯದು ಬಂಡೆಯಂಥ ಒಬ್ಬ ದೈತ್ಯ. ಅವನ ಜೀವ ಒಂದು ಏಟಿನಷ್ಟು, ಒಂಟಿರೆಕ್ಕೆಯವಳದು ಎರಡು ಏಟಿನಷ್ಟು ಉಳಿದಿತ್ತು. ದೈತ್ಯ ಒಂಟಿರೆಕ್ಕೆಯವಳನ್ನು ಮೂಲೆಗೆ ನೂಕಿದ. ತಡೆಯಬಹುದಿತ್ತು. ಗೂಬೆ ತಡೆಯಲಿಲ್ಲ, ಬೇಕೆಂದೇ ಏಟಿಗೆ ಸಿಕ್ಕಿ ಬಿದ್ದ. ಅವನ ತುಟಿಯಲ್ಲಿ ಸಣ್ಣ ನಗು ಇದ್ದದ್ದು ದೂರದಿಂದಲೂ ಅಕ್ಕನಿಗೆ ಕಂಡಿತು. ಬೆರಳುಗಳು ಆಡಿದವು.

ರೆಕ್ಕೆ ಬಿಚ್ಚಲಿಲ್ಲ. ಒಂದು ಸಲ ಅದುರಿ ಮುಚ್ಚಿಕೊಂಡಿತು.

ಆದರೂ ಆಟ ಮುಗಿದಿರಲಿಲ್ಲ. ದೈತ್ಯ ಮುಂದಿನ ಗುದ್ದಿಗೆ ಕೈ ಎತ್ತುತ್ತಿದ್ದ, ಜಾರಿಕೊಳ್ಳಲು ಒಂದು ಉಸಿರಿನಷ್ಟು ಸಮಯ ಇತ್ತು. ಗೂಬೆ ಪರದೆಯನ್ನು ನೋಡಲಿಲ್ಲ. ತಲೆ ತಿರುಗಿಸಿ, ಅಷ್ಟು ಜನರ ನಡುವೆ ಅಕ್ಕನನ್ನು ಹುಡುಕಿದ. ಕಣ್ಣಿಗೆ ಕಣ್ಣು ಸೇರಿತು. ಅವನ ಬೆನ್ನಿನ ಹಿಂದೆ ದೈತ್ಯನ ಗುದ್ದು ಬಿತ್ತು, ಜನ ಹೋ ಎಂದರು.

ಮನೆಗೆ ಬರುವ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಮುಖ ತಿರುಗಿಸದೆಯೇ ಕೇಳಿದ.

"ಯಾವಾಗ ಹೇಳ್ದೆ?"

"ನೀನು ತೋರ್ಸಿದ ಮಾರನೇ ದಿನ."

"ಬಲವಂತ ಮಾಡಿದ್ರಾ?"

"ಇಲ್ಲ," ಎಂದಳು ಅವಳು. "ಹೇಳೋಕೆ ಬೇರೆ ಏನೂ ಇರ್ಲಿಲ್ಲ. ಭೇಷ್ ಅಂದ್ರು."

ಅವನು ಬೈಯಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಸೋಮವಾರ ಮಾವ ಹೊಲಿಸಿದ ಅಂಗಿ ಹಾಕಿಕೊಂಡು ಟೈಲ್ಸ್ ಅಂಗಡಿಗೆ ಹೋದ. ಅಂಗಿ ಹೇಳಿಮಾಡಿಸಿದ ಹಾಗೆ ಕೂತಿತ್ತು, ಅದನ್ನು ನೋಡಿ ಅಕ್ಕನಿಗೆ ಅಳು ಬಂತು.

ಕೆಲವು ವಾರಗಳ ಮೇಲೆ ಒಂದು ಸಂಜೆ, ಮೈಮೇಲೆ ಸಿಮೆಂಟಿನ ಧೂಳು ಹೊತ್ತು ಬಂದವನು ತಾನಾಗಿಯೇ ಟಿವಿಯ ಮುಂದೆ ಕೂತ. ಅಕ್ಕನ ಕಡೆ ಎರಡನೆಯ ಕಂಟ್ರೋಲರ್ ಚಾಚಿದ. ಅವಳಿಗೆ ಹೋದ ಜೀವ ಬಂದಂತಾಯಿತು. ಆಡಿದರು, ಕಾಲೆಳೆದರು, ಅಮ್ಮ ಒಳಗಿನಿಂದ ಊಟಕ್ಕೆ ಕರೆದದ್ದೂ ಕೇಳಲಿಲ್ಲ. ಅವಳು ಒಂಟಿರೆಕ್ಕೆಯವಳನ್ನು ಮೂಲೆಗೆ ತಳ್ಳಿದಳು. ಗೂಬೆಯ ಬೆರಳುಗಳು ಸರಸರನೆ ಎಲ್ಲಿಗೋ ಹೊರಟವು, ಅವಳು ಎಂದೂ ನೋಡಿರದ ಒಂದು ದಾರಿ ಅದು. ಅವನು ಒಮ್ಮೆ ಅಕ್ಕನ ಕಡೆ ನೋಡಿದ, ಬೆರಳುಗಳು ಅರ್ಧಕ್ಕೆ ನಿಂತವು. ಕೈ ಸಡಿಲ ಬಿಟ್ಟು ಅವನು ಏಟು ತಿಂದ, ಬಿದ್ದ, ಸೋತ.

"ಏನೋ ಅದು? ಏನೋ ಮಾಡೋಕೆ ಹೊರಟಿದ್ಯಲ್ಲ?"

"ಏನಿಲ್ಲ ಅಕ್ಕಾ," ಎಂದ ಅವನು, ಮೆಲ್ಲಗೆ, ಸಿಟ್ಟೇ ಇಲ್ಲದ ದನಿಯಲ್ಲಿ. "ನೀನು ಆಡು."