ಸಿಸ್ಟರ್ ಕೊಟ್ಟ ಮಾತು

ಲಸಿಕೆಯ ದಿನ ಅಳುಕುವ ತಾಯಂದಿರಿಗೆ ಧೈರ್ಯ ತುಂಬುವ ಭರದಲ್ಲಿ ಶಾಲೆಯ ನರ್ಸ್ ಸಿಸ್ಟರ್ ಒಂದು ಮಾತು ಹೇಳಿಬಿಡುತ್ತಿದ್ದರು: "ಈ ಸೂಜಿ ಹಾಕಿಸಿ, ಫ್ಲೂ ನಿಮ್ಮನೆ ಕಡೆ ತಲೆ ಹಾಕಿಯೂ ಮಲಗಲ್ಲ." ಅದು ಪೂರ್ತಿ ನಿಜವಲ್ಲವೆಂದು ಅವರಿಗೆ ಗೊತ್ತಿತ್ತು. ಆದರೆ "ಬಂದರೂ ಬರಬಹುದು" ಎಂದು ಶುರುಮಾಡಿದರೆ ಅರ್ಧ ಜನ ಅಲ್ಲೇ ಚಪ್ಪಲಿ ಮೆಟ್ಟುತ್ತಿದ್ದರು.

ಈಗ ಆ ಮಾತೇ ಅವರಿಗೆ ತಿರುಗುಬಾಣವಾಗಿತ್ತು. ನಾಲ್ಕನೇ ತರಗತಿಯ ಉಬ್ಬಸದ ಹುಡುಗಿಗೆ ಲಸಿಕೆ ಹಾಕಿ ಎರಡು ತಿಂಗಳಾಗಿತ್ತಷ್ಟೆ, ಸೋಮವಾರ ಫ್ಲೂ ಬಂದೇಬಿಟ್ಟಿತು. ಎರಡು ವರ್ಷದ ಹಿಂದೆ, ಲಸಿಕೆ ಇಲ್ಲದಿದ್ದಾಗ, ಇದೇ ಜ್ವರ ಮೂರನೆಯ ದಿನ ಅವಳ ಉಸಿರು ಕಟ್ಟಿಸಿ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿಸಿತ್ತು.

ಇಂದು ಮೂರನೆಯ ದಿನ. ಊಟದ ಗಂಟೆ ಹೊಡೆದೊಡನೆ ಸಿಸ್ಟರ್ ಹೊರಟು, ಮೂರು ಮಹಡಿ ಹತ್ತಿ ಆ ಹುಡುಗಿಯ ಮನೆಯ ಬಾಗಿಲು ತಟ್ಟಿದರು.

ತಾಯಿ ಬಾಗಿಲು ತೆರೆದಳು. ಏನೂ ಕೇಳದೆ ಕುರ್ಚಿಯ ಮೇಲಿನ ಬಟ್ಟೆರಾಶಿ ಎತ್ತಿ, ಅಂಗೈಯಿಂದ ಒರೆಸಿ, "ಮೊದಲು ಕೂತ್ಕೊಳ್ಳಿ, ಏದುಸಿರು ಬಿಡ್ತಿದ್ದೀರಿ," ಎಂದು ನೀರು ಕೊಟ್ಟಳು.

"ನಾನು ತಪ್ಪು ಹೇಳಿದ್ದೆ ಕಣಮ್ಮ. ಬರಲ್ಲ ಅಂತ ಮಾತು ಕೊಡಬಾರದಿತ್ತು."

"ಸೋಮವಾರ ನಿಮ್ಮನ್ನ ವಾಚಾಮಗೋಚರ ಬೈದಿದ್ದೀನಿ ಸಿಸ್ಟರ್, ಪಾಪ ಈ ಗೋಡೆ ಕೇಳಿಸ್ಕೊಂಡಿದೆ."

"ಇವತ್ತು?"

"ಇವತ್ತು ಪುರುಸೊತ್ತಿಲ್ಲ. ಹಸಿವು ಹಸಿವು ಅಂತ ಪ್ರಾಣ ತಿಂತಿದ್ದಾಳೆ."

ಒಳಕೋಣೆಯಿಂದ ಕೂಗು ಕೇಳಿಸಿತು: "ಅಪ್ಪಾ, ಮೋಸ! ನಾನು ಕೆಮ್ಮುವಾಗ ನೀನು ಎರಡು ಸಲ ದಾಳ ಹಾಕಿದೆ!"

"ಜ್ವರದವಳ ಹತ್ರ ಸೋತ್ರೆ ನನ್ನ ಮರ್ಯಾದೆ ಏನಾಗ್ಬೇಕೇ?"

ಸಿಸ್ಟರ್ ಲೋಟ ಹಿಡಿದೇ ಎದ್ದು ನಿಂತರು. ಅಷ್ಟುದ್ದದ ಜಗಳ, ಒಂದೇ ಉಸಿರಿನಲ್ಲಿ! ಹಿಂದಿನ ಸಲ ಆ ಮಗು "ನೀರು" ಎನ್ನುವುದಕ್ಕೂ ನಡುವೆ ನಿಲ್ಲಬೇಕಾಗಿತ್ತು.

"ಲಸಿಕೆಯಿಂದಲೇನಾ?" ತಾಯಿ ಮೆಲ್ಲಗೆ ಕೇಳಿದಳು.

ಈ ಸಲ ಸಿಸ್ಟರ್ ಮಾತನ್ನು ತೂಗಿ ಆಡಿದರು. "ಇವಳೊಬ್ಬಳನ್ನ ನೋಡಿ ಆಣೆ ಮಾಡೋಕಾಗಲ್ಲ. ಡಾಕ್ಟರು ಬೇಗ ಕೊಟ್ಟ ಮಾತ್ರೆದೂ ಪಾಲಿರಬಹುದು. ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಫ್ಲೂ ಬರೋದೇ ಇಲ್ಲ. ಕೆಲವರಿಗೆ ಬರುತ್ತೆ. ಬಂದರೂ ಆಸ್ಪತ್ರೆವರೆಗೆ ಹೋಗೋರು ಕಡಿಮೆ."

"ತಲೆಗೆ ಬಂದದ್ದು ರುಮಾಲಿಗೆ ಹೋಯ್ತು ಅನ್ನಿ," ಎಂದ ತಂದೆ ಒಳಗಿನಿಂದಲೇ.

ಸಿಸ್ಟರ್ ಒಳಕೋಣೆಗೆ ಹೋಗಿ ಹುಡುಗಿಯ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು. ಮೈ ಇನ್ನೂ ಬೆಚ್ಚಗಿತ್ತು. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು, ಸಿಳ್ಳೆಯಿಲ್ಲ, ಗೊರಗೊರವಿಲ್ಲ. ಸಾವಿರಾರು ಬೆನ್ನುಗಳನ್ನು ಆಲಿಸಿದ ಆ ಕಿವಿಗೆ ಈ ಸದ್ದು ಹೊಸದೆನಿಸಿತು. ಎರಡು ತಿಂಗಳ ಹಿಂದೆ ತೋಳಿಗೆ ಚುಚ್ಚಿದ್ದು ಹನಿಯಷ್ಟು ನೀರಿನಂಥ ಮದ್ದು. ಯಾರಿಗೂ ಕಾಣದೆ ಅದು ಈ ಪುಟ್ಟ ಮೈಯೊಳಗೆ ಏನೇನು ಕಲಿಸಿಟ್ಟಿತ್ತೋ!

ಅವರು ಸ್ಟೆತಾಸ್ಕೋಪನ್ನು ತಾಯಿಯ ಕಿವಿಗೆ ಸಿಕ್ಕಿಸಿದರು. ಮಗಳ ಉಸಿರು ಕೇಳಲು ತಾಯಿ ತನ್ನ ಉಸಿರು ಬಿಗಿಹಿಡಿದಳು.