ಉಳಿದ ಎರಡು ಕಚ್ಚು

"ಕೆಳಗಿಡೇ ಲೌಡಿ ಮುಂಡೆ! ಮೆಟ್ಲ ಮ್ಯಾಕೇ ಇಡ್ತೀಯಲ್ಲ!"

ಬುಕ್ಕಾಪಟ್ಟಣದ ದವಾಖಾನೆಯ ಕಾಂಪೌಂಡರ್ ಶಂಕರಲಿಂಗಪ್ಪ ಗದರಿದ. ಹೊಲಗೇರಿಯ ಪಟಾಲಮ್ಮ ಸೀಸೆಯನ್ನು ಮಣ್ಣಿನ ಮೇಲಿಟ್ಟು ಹಿಂದೆ ಸರಿದಳು. ಅವಳ ಸೊಂಟದ ಮೇಲೆ ಮಗಳು ಈಶ್ವರಿ. ಉಸಿರೆಳೆದಾಗೆಲ್ಲ ಮಗುವಿನ ಪಕ್ಕೆ ಗುಳಿ ಬೀಳುತ್ತಿತ್ತು.

"ಸೂಜಿ ಆಕುಸ್ಕೊ ಅಂತ ಡಾಕುಟ್ರು ಚೀಟಿ ಕೊಟ್ಟವ್ರೆ ಸ್ವಾಮಿ."

"ಔಸ್ದಿ ಖರ್ಚು ಇಳಿಸ್ರಿ ಅಂತ ಮ್ಯಾಲಿಂದ ಆರ್ಡ್ರು ಬಂದದೆ. ನಿಮ್ಗೆಲ್ಲ ಸೂಜಿ ಚುಚ್ತಾ ಕುಂತ್ರೆ ಸರ್ಕಾರ ಮುಳುಗೋಯ್ತದೆ. ಕೆಂಪು ಔಸ್ದಿ ಸಾಕು."

ಒಳಗಿನ ಬೆಂಚಿನಿಂದ ಪಟೇಲ ದೊಡ್ಡಹನುಮಯ್ಯ ಸೂಜಿ ಹಾಕಿಸಿಕೊಂಡ ತೋಳು ಉಜ್ಜಿಕೊಳ್ಳುತ್ತ ಎದ್ದ. "ಹಾಳಾದ್ ನೆಗಡಿ, ಮೂರು ದಿನದಿಂದ ಬುಡ್ಲಿಲ್ಲ ಕಣಯ್ಯ," ಎಂದು ನಕ್ಕು ಹೊರಟುಹೋದ.

ಶಂಕರಲಿಂಗಪ್ಪ ದೊಡ್ಡ ಜಾಡಿಯಿಂದ ಔಷಧಿ ಮೊಗೆದು, ಹೊಸ್ತಿಲಲ್ಲಿ ನಿಂತು ಎತ್ತರದಿಂದ ಸೀಸೆಗೆ ಸುರಿದ. ಒಂದಿಷ್ಟನ್ನು ಮಣ್ಣು ಕುಡಿಯಿತು. ಕಾಗದದ ಪಟ್ಟಿಗೆ ಕತ್ತರಿಯಿಂದ ಆರು ಕಚ್ಚು ಹಾಕಿ, ಅಂಟು ಬಳಿದು, ಸೀಸೆಗೆ ಅಂಟಿಸಿಕೊಳ್ಳಲೆಂದು ಅವಳತ್ತ ಎಸೆದ.

"ಬೆಳಿಗ್ಗೆ ಒಂದು ಕಚ್ಚು, ಸಂಜೆ ಒಂದು ಕಚ್ಚು. ಜಾಸ್ತಿ ಕುಡ್ಸಿ ಮತ್ತೆ ಬಂದ್ಗಿಂದೀಯ!"

ಪಟಾಲಮ್ಮ ಒಂದು ಹನಿ ಹೆಚ್ಚುಕಡಿಮೆ ಮಾಡಲಿಲ್ಲ. ಪಟೇಲರ ಹೊಲದಲ್ಲಿ ಕಳೆ ಕೀಳುವಾಗ ಮಗುವೂ ಸೀಸೆಯೂ ಬದುವಿನ ನೆರಳಲ್ಲಿರುತ್ತಿದ್ದವು. ಹೊತ್ತಿಗೆ ಸರಿಯಾಗಿ ಬಂದು, ಸೀಸೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಕಚ್ಚಿನವರೆಗೆ ಒಳಲೆಗೆ ಬಗ್ಗಿಸಿ ಕುಡಿಸಿ, ಸೆರಗಿನಿಂದ ಮಗುವಿನ ಬಾಯಿ ಒರೆಸುತ್ತಿದ್ದಳು.

ನಾಲ್ಕನೆಯ ಕಚ್ಚಾದ ಮೇಲೆ ಮಗು ಬಾಯಿ ತೆರೆಯಲಿಲ್ಲ.

ಹೂಳಿದ ಮಾರನೆಯ ಬೆಳಿಗ್ಗೆ ಪಟಾಲಮ್ಮ ಸೀಸೆ ಹಿಡಿದು ದವಾಖಾನೆಗೆ ಬಂದಳು. ಊರಿನವರ ಸಾಲನ್ನು ದಾಟಿ, ಮೆಟ್ಟಿಲು ಹತ್ತಿ ಒಳಕ್ಕೆ ನಡೆದಳು.

"ಲೇ ಲೇ, ಎಲ್ಲಿಗೆ ನುಗ್ತೀಯೆ?"

"ಎರಡು ಕಚ್ಚು ಉಳ್ಕಂಡದೆ ಸ್ವಾಮಿ. ಮಗು ಹೋಯ್ತು. ಖರ್ಚು ಇಳಿಸ್ಬೇಕು ಅಂದ್ರಲ್ಲ, ವಾಪಸ್ ತಂದಿವ್ನಿ."

ಜಾಡಿಯ ಮುಚ್ಚಳ ತೆಗೆದಳು. ಸೀಸೆಯನ್ನು ಕೈಸಮೇತ ಒಳಗಿಳಿಸಿ ಬಗ್ಗಿಸಿದಳು. ಕೊನೆಯ ಹನಿ ಬೀಳುವವರೆಗೂ ಕೈ ತೆಗೆಯಲಿಲ್ಲ.

"ಥೂ! ಜಾಡೀನೆಲ್ಲ ಮೈಲಿಗೆ ಮಾಡ್ಬುಟ್ಳಲ್ಲೋ!" ಸಾಲಿನಲ್ಲಿ ಯಾರೋ ಕೂಗಿದರು. ಒಬ್ಬೊಬ್ಬರೇ ತಮ್ಮ ಸೀಸೆಗಳನ್ನು ಹಿಂದಕ್ಕೆಳೆದುಕೊಂಡರು.

ಕೆಮ್ಮುವ ಮೊಮ್ಮಗನನ್ನು ಎತ್ತಿಕೊಂಡಿದ್ದ ಜೈನಾಬಿ ಮಾತ್ರ ಮುಂದೆ ಬಂದು ಸೀಸೆ ಚಾಚಿದಳು. "ನಂಗೆ ಹಾಕಪ್ಪಾ. ಮಗೀಗೆ ಉಸ್ರು ಕಟ್ತಾ ಅದೆ."

ಶಂಕರಲಿಂಗಪ್ಪ ಲೋಟ ಹಿಡಿದು ನಿಂತ. ಹಾಕಲೂ ಇಲ್ಲ, ಜಾಡಿ ಚೆಲ್ಲಲೂ ಇಲ್ಲ.

ಪಟಾಲಮ್ಮ ಜಾಡಿಯ ಪಕ್ಕದಲ್ಲೇ ಕುಳಿತು, ಖಾಲಿ ಸೀಸೆಗೆ ಅಂಟಿದ್ದ ಪಟ್ಟಿಯನ್ನು ಉಗುರಿನಿಂದ ನಿಧಾನವಾಗಿ ಕೆರೆಯತೊಡಗಿದಳು.